ಕಾಲರ್ ಬೋನ್ ಮುರಿದ ಮೇಲೆ: ಸೈಕಲ್ ಟ್ರೈನರ್ ಕೊಳ್ಳೋದಾ, ರಸ್ತೆಗೆ ಕಾಯೋದಾ?

ಮೂಳೆ ಕೂಡುವ ಮುಂಚೆ ರಸ್ತೆ ಬೇಡವೇ ಬೇಡ. ನಮ್ಮ ಮಳೆಗಾಲದಲ್ಲಿ ಪಾಚಿ ಕಟ್ಟಿದ ತಿರುವಿನಲ್ಲಿ ಮತ್ತೆ ಜಾರಿದರೆ ಕಥೆ ಮುಗೀತು. ಡಾಕ್ಟರ್ ಒಪ್ಪಿದರೆ ಟ್ರೈನರ್ (ಸೈಕಲ್ಲನ್ನು ಮನೆಯಲ್ಲೇ ನಿಲ್ಲಿಸಿ ತುಳಿಯುವ ಸ್ಟ್ಯಾಂಡ್) ಮೇಲೆ ನೆಟ್ಟಗೆ ಕೂತು, ಹ್ಯಾಂಡಲ್‌ಗೆ ಭಾರ ಹಾಕದೆ ಪೆಡಲ್ ತುಳಿಯಬಹುದು. ಆಸ್ಟ್ರೇಲಿಯಾದ ಸೈಕಲ್ ರೇಸರ್ ಮ್ಯಾಥ್ಯೂ ಹೇಮನ್ 2016ರ ಫೆಬ್ರವರಿಯಲ್ಲಿ ಕೈ ಮುರಿದುಕೊಂಡರು. ಗ್ಯಾರೇಜಿನಲ್ಲಿ ಟ್ರೈನರ್ ತುಳಿದು, ಏಪ್ರಿಲ್‌ನಲ್ಲಿ ಫ್ರಾನ್ಸಿನ ಪ್ಯಾರಿಸ್-ರೂಬೆ ಸೈಕಲ್ ರೇಸ್ ಗೆದ್ದರು!

ಆದರೆ ಟ್ರೈನರ್‌ಗೆ ಖರ್ಚು ಜಾಸ್ತಿ, ಬೇಸರವೂ ಜಾಸ್ತಿ. ಫ್ಯಾನ್ ಇಲ್ಲದಿದ್ದರೆ ಬೆವರಿನ ಸ್ನಾನ.

ಕಾಲಿನ ಶಕ್ತಿ ಟ್ರೈನರ್ ಉಳಿಸುತ್ತೆ, ಇಳಿಜಾರಿನ ಧೈರ್ಯ ಕೊಡಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯುವಾಗ ಬ್ರೇಕ್ ಹಿಡಿದರೆ ಮೈಭಾರವೆಲ್ಲ ಭುಜಕ್ಕೇ ಅಲ್ವಾ? ಆ ಧೈರ್ಯ ರಸ್ತೆಯಲ್ಲೇ ಬರಬೇಕು.

ರೇಸ್ ಹತ್ತಿರವಿದ್ದರೆ ಟ್ರೈನರ್ ತಗೊಳ್ಳಿ. ಸುಮ್ನೆ ಖುಷಿಗೆ ಓಡಿಸುವವರು ದುಡ್ಡು ಉಳಿಸಿ, ಈಗ ನಡೆದಾಡಿ. ಎಕ್ಸ್-ರೇ ನೋಡಿ ಡಾಕ್ಟರ್ ಹೂಂ ಅಂದ ಮೇಲೆ ಮೊದಲು ಸಮತಟ್ಟು ರಸ್ತೆ, ಘಾಟಿ ಆಮೇಲೆ.