ಕಣಿವೆಯ ಮನೆಗೆ ಯಾವ ನೆಟ್? ಸಿಮ್, 5ಜಿ ಡಬ್ಬ, ಫೈಬರ್ ಮೂರನ್ನೂ ಬಳಸಿ ನೋಡಿದ ಮೇಲೆ

ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡಬೇಕು ಅನ್ನುವವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: ಯಾವ ಕಂಪನಿಯದ್ದು ಚೆನ್ನಾಗಿದೆ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇದಕ್ಕೆ ಉತ್ತರವೇ ಇಲ್ಲ. ಕಂಪನಿ ಆಮೇಲೆ. ನಿಮ್ಮ ಮನೆಗೂ ಟವರಿಗೂ ನಡುವೆ ಎಂತ ಇದೆ, ಕರೆಂಟ್ ಹೋದ ಮೇಲೆ ಆ ಟವರ್ ಎಷ್ಟು ಹೊತ್ತು ನಡೆಯುತ್ತದೆ, ಇದನ್ನು ಮೊದಲು ನೋಡಬೇಕು.

ನಮ್ಮ ಮನೆ ಶಿರಸಿ ಪೇಟೆಯಿಂದ ದೂರ, ಕಣಿವೆಯ ತಳದಲ್ಲಿದೆ. ಎದುರಿಗೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಅಕ್ಕನ ಮನೆ ಕಾರವಾರದ ಕೋಡಿಬಾಗದಲ್ಲಿ, ಎರಡನೇ ಮಹಡಿ. ಜಿಲ್ಲೆ ಒಂದೇ, ನೆಟ್‌ವರ್ಕಿನ ಲೆಕ್ಕದಲ್ಲಿ ಎರಡು ಬೇರೆ ಲೋಕ. ಈ ಎರಡು ಮನೆಗಳ ಅನುಭವದ ಮೇಲೆ ಬರೆಯುತ್ತಿದ್ದೇನೆ. ತೊಂದರೆ ಕೊಟ್ಟ ಕಂಪನಿಗಳ ಹೆಸರು ಹೇಳುವುದಿಲ್ಲ. ನಮ್ಮಲ್ಲಿ ಕೈಕೊಟ್ಟದ್ದೇ ಪಕ್ಕದ ಕೇರಿಯಲ್ಲಿ ಚೆನ್ನಾಗಿ ನಡೆಯುತ್ತಿರುತ್ತದೆ.

ಮೊದಲು ಸಿಮ್. ಫೋನಿನ ಮೂಲೆಯಲ್ಲಿ 4ಜಿ, 5ಜಿ ಅಂತ ಬರುತ್ತದಲ್ಲ, ಅದನ್ನು ನೋಡಿ ಮರುಳಾಗಬೇಡಿ. ಅಲೆ ಯಾವ ಬ್ಯಾಂಡಿನದ್ದು, ಅಂದರೆ ಯಾವ ತರಂಗಾಂತರದ ಪಟ್ಟಿಯದ್ದು ಅನ್ನುವುದು ಮುಖ್ಯ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. ಅದು ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ, ಮಣ್ಣಿನ ಗೋಡೆ ದಾಟಿ, ಅಡುಗೆಮನೆ ತನಕ ಬರುತ್ತದೆ. ನಗರಗಳಲ್ಲಿ 5ಜಿಗೆ ಬಳಸುವ 3500ರ ಆಸುಪಾಸಿನ ಅಲೆ 9 ಸೆಂಟಿಮೀಟರಿಗೂ ಕಡಿಮೆ. ಒದ್ದೆಯಾದ ಹಲಸಿನ ಮರಗಳ ಸಾಲು ಅಡ್ಡ ಬಂದರೆ ಮುಗಿಯಿತು.

2022ರ ಆಗಸ್ಟ್ ಒಂದಕ್ಕೆ ಮುಗಿದ 5ಜಿ ಹರಾಜಿನಲ್ಲಿ ಒಟ್ಟು ಬಿಡ್ ಸುಮಾರು 1.5 ಲಕ್ಷ ಕೋಟಿ ರೂಪಾಯಿ. ಆಗ 700ರ ಬ್ಯಾಂಡ್ ಕೊಂಡದ್ದು ಜಿಯೊ ಒಂದೇ. ಏರ್‌ಟೆಲ್ ಅದನ್ನು ಬಿಟ್ಟು, ಇದ್ದ 4ಜಿಯ ಜೊತೆಗೇ 5ಜಿ ಜೋಡಿಸುವ ದಾರಿ ಹಿಡಿಯಿತು. ಬಿಎಸ್‌ಎನ್‌ಎಲ್‌ಗೆ ಸರ್ಕಾರ ಹರಾಜಿಲ್ಲದೆ 700 ಕೊಟ್ಟಿತು, ಅದರಲ್ಲಿ ಅವರು 4ಜಿ ಓಡಿಸುತ್ತಿದ್ದಾರೆ. ಟಿಸಿಎಸ್, ತೇಜಸ್ ಕಂಪನಿಗಳು ಮತ್ತು ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡಾಟ್ ಸೇರಿ ಮಾಡಿದ ಆ ದೇಸಿ 4ಜಿಯ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್ 27ಕ್ಕೆ. ಪೇಟೆಯಲ್ಲಿ ಕೂತವರಿಗೆ ಇದೆಲ್ಲ ಬರೀ ಸುದ್ದಿ. ಕಣಿವೆಯಲ್ಲಿ ಇರುವವರಿಗೆ ಮಾತ್ರ ಇದು ಫೋನ್ ಹೊಡೆದುಕೊಳ್ಳುತ್ತದೋ ಇಲ್ಲವೋ ಅನ್ನುವ ಪ್ರಶ್ನೆ.

ಬೇರೆ ಬೇರೆ ಕಂಪನಿಯ ಸಿಮ್‌ಗಳನ್ನು ಒಂದೇ ಫೋನಿಗೆ ಹಾಕಿ, ಜಗಲಿ, ಅಡುಗೆಮನೆ, ಅಟ್ಟ ಎಲ್ಲ ಕಡೆ ನೋಡಿದೆ. ಕಡ್ಡಿ ಎಣಿಸಬೇಡಿ, ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಒತ್ತಿದರೆ ಸಿಗ್ನಲ್ಲಿನ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಮೈನಸ್ ಅಂಕಿ ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. ಮೈನಸ್ 85 ಇದ್ದರೆ ಆರಾಮ. ಮೈನಸ್ 115 ದಾಟಿದರೆ ಫೋನ್ ಸುಮ್ನೆ ಬಿಸಿಯಾಗುತ್ತದೆ, ಕೆಲಸ ಆಗುವುದಿಲ್ಲ. 700ರಂಥ ಕೆಳ ಬ್ಯಾಂಡಿನ ಸಿಮ್ ನಮ್ಮ ಜಗಲಿಯಲ್ಲಿ ಮೈನಸ್ 101, ಅಡುಗೆಮನೆಯಲ್ಲಿ 110ರ ಹತ್ತಿರ. ವೇಗ ಐದಾರು ಎಂಬಿಪಿಎಸ್. ಕೇಳಲಿಕ್ಕೆ ಏನೂ ಅಲ್ಲ, ಆದರೆ ವಿಡಿಯೊ ಕಾಲ್ ನಡುವೆ ಕಡಿದುಹೋಗುವುದಿಲ್ಲ. ಪೇಟೆಯಲ್ಲಿ ಮುನ್ನೂರು ತೋರಿಸಿದ 5ಜಿ ಸಿಮ್ ಮನೆಯಲ್ಲಿ 'ನೋ ಸರ್ವಿಸ್'.

ಕೆಳ ಬ್ಯಾಂಡಿನ ಕಷ್ಟ ಬೇರೆ. ಅದು ದೂರ ಹೋಗುತ್ತದೆ, ಆದರೆ ದೇವಿಮನೆ ಘಾಟಿಯ ಹಳೆ ರಸ್ತೆಯ ಹಾಗೆ, ಅಗಲ ಇಲ್ಲ. 3500ರಲ್ಲಿ ಜಿಯೊ, ಏರ್‌ಟೆಲ್ ಬಳಿ 100 ಮೆಗಾಹರ್ಟ್ಸ್ ಅಗಲದ ಜಾಗ ಇದೆ, ಕೆಳಗಿನ ಬ್ಯಾಂಡುಗಳಲ್ಲಿ ಐದೋ ಹತ್ತೋ. ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬೈಲಿನ ಗದ್ದಲದಲ್ಲಿ ನಿಂತು ಯುಪಿಐ ಮಾಡಲು ನೋಡಿದವರಿಗೆ ಇದು ಗೊತ್ತು. ಕಡ್ಡಿ ಪೂರ್ತಿ, ದುಡ್ಡು ಮಾತ್ರ ಹೋಗುವುದಿಲ್ಲ. ಸಿಗ್ನಲ್ ಇರುವುದು ಬೇರೆ, ಅದರಲ್ಲಿ ಜಾಗ ಇರುವುದು ಬೇರೆ.

ಇನ್ನು 5ಜಿ ಡಬ್ಬ. ಏರ್‌ಫೈಬರ್ ಅಂತ 2023ರಿಂದ ಮಾರುತ್ತಿದ್ದಾರಲ್ಲ, ಅದು. ಮಾಡಿನ ಮೇಲೆ ಟವರಿನ 5ಜಿ ಹಿಡಿಯುವ ಒಂದು ಬಿಳಿ ಡಬ್ಬ, ಒಳಗೆ ವೈಫೈ ರೂಟರ್. ಕೋಡಿಬಾಗದಲ್ಲಿ ಇದಕ್ಕೆ ನನ್ನ ಪೂರ್ತಿ ಅಂಕ. ಟೆರೇಸಿನಿಂದ ಟವರ್ ನೇರ ಕಾಣುತ್ತದೆ. 100 ಎಂಬಿಪಿಎಸ್ ಪ್ಲಾನಿಗೆ ಹೆಚ್ಚುಕಮ್ಮಿ ಅಷ್ಟೇ ಸಿಗುತ್ತದೆ, ಸಂಜೆ ಎಲ್ಲರೂ ಧಾರಾವಾಹಿ ಹಾಕಿಕೊಂಡಾಗ ಸ್ವಲ್ಪ ಇಳಿಯುತ್ತದೆ ಅಷ್ಟೆ. ಗೋಡೆ ಕೊರೆಯುವ, ರಸ್ತೆ ಅಗೆಯುವ ರಗಳೆ ಇಲ್ಲ. ಬಾಡಿಗೆ ಮನೆಯವರಿಗೆ ಹೇಳಿ ಮಾಡಿಸಿದ್ದು. ಒಂದು ಮಾತು: 'ಅನ್‌ಲಿಮಿಟೆಡ್' ಅಂದರೂ ತಿಂಗಳಿಗೆ ಸುಮಾರು 1000 ಜಿಬಿಯ ಮಿತಿ ಇರುತ್ತದೆ. ಜಾಹೀರಾತಿನ ದರಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿಸಿ ನೋಡಿ. 599 ಅಂದರೆ ಕೈಯಿಂದ ಹೋಗುವುದು 707.

ಅದೇ ಡಬ್ಬವನ್ನು ನಮ್ಮ ಮನೆಗೂ ತರಿಸಿದೆ. ಪೇಟೆಯಿಂದ ಇಬ್ಬರು ಹುಡುಗರು ಬಂದರು. ಒಬ್ಬ ಹಂಚಿನ ಮೇಲೆ ಹತ್ತಿ ಡಬ್ಬವನ್ನು ನಾಲ್ಕೂ ದಿಕ್ಕಿಗೆ ತಿರುಗಿಸುತ್ತಾ ಹೋದ, ಇನ್ನೊಬ್ಬ ಅಂಗಳದಲ್ಲಿ ಆ್ಯಪ್ ನೋಡುತ್ತಾ 'ಇಲ್ಲ, ಇಲ್ಲ' ಅನ್ನುತ್ತಾ ಹೋದ. ಎರಡು ಹಂಚು ಒಡೆಯಿತು. 'ಸಿಗೂದಿಲ್ಲ ಸರ್, ಬೆಟ್ಟದ ಮೇಲೆ ಕಂಬ ಹಾಕಿದ್ರೆ ನೋಡ್ಬಹುದು' ಅಂದು ಚಾ ಕುಡಿದು ಹೊರಟರು. ಬೆಟ್ಟದ ಮೇಲೆ ಹಾಕಿದವರೂ ನಮ್ಮ ಕಡೆ ಇದ್ದಾರೆ. ಆದರೆ ಡಬ್ಬದಿಂದ ಮನೆಯ ರೂಟರಿಗೆ ಬರುವ ನೆಟ್‌ವರ್ಕ್ ಕೇಬಲ್ 100 ಮೀಟರ್ ತನಕ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಜೊತೆಗೆ, ಗುಡ್ಡದ ತುದಿಯಿಂದ ಮನೆಯೊಳಗೆ ತಾಮ್ರದ ತಂತಿ ಎಳೆಯುವುದು ಅಂದರೆ ಮೇ ತಿಂಗಳ ಸಿಡಿಲಿಗೆ ದಾರಿ ತೋರಿಸಿದ ಹಾಗೇ ಅಲ್ವಾ?

ಮಳೆ ಬಂದರೆ ನೆಟ್ ಹೋಗುತ್ತದೆ ಅನ್ನುವುದು ಇಲ್ಲಿಯ ಸಾಮಾನ್ಯ ದೂರು. ಮೊಬೈಲ್ ಬ್ಯಾಂಡುಗಳಿಗೆ ಮಳೆಹನಿ ಅಂಥ ಅಡ್ಡಿಯೇ ಅಲ್ಲ. ಒದ್ದೆ ಎಲೆ ಸ್ವಲ್ಪ ಕಾಡುತ್ತದೆ, ನಿಜ. ಮುಖ್ಯ ಕಾರಣ ಮಾತ್ರ ಮರ ಬಿದ್ದು ಕರೆಂಟ್ ಹೋಗುವುದು. ಟವರಿನ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಹಾಕುವವರು ಬರಬೇಕು. ಆಷಾಢದಲ್ಲಿ ಆ ರಸ್ತೆಯಲ್ಲಿ ಯಾರು ಬರುತ್ತಾರೆ? ಡಬ್ಬವೂ ಸಿಮ್ಮೂ ಒಂದೇ ಟವರಿನವಾದರೆ ಎರಡೂ ಒಟ್ಟಿಗೇ ಮಲಗುತ್ತವೆ.

ಫೈಬರ್ ಗೆಲ್ಲುವುದು ಇಲ್ಲಿ. ಕೇಬಲ್‌ನವರ ಕಚೇರಿಯ ಯಂತ್ರದಿಂದ ನಿಮ್ಮ ಮನೆಯ ಡಬ್ಬದ ತನಕ ನಡುವೆ ಕರೆಂಟ್ ಬೇಕಾದ ವಸ್ತು ಯಾವುದೂ ಇರುವುದಿಲ್ಲ. ದಾರಿಯಲ್ಲಿ ಸಿಗುವ ಸ್ಪ್ಲಿಟರ್ ಬೆಳಕನ್ನು ಹಂಚುವ ಗಾಜು ಅಷ್ಟೆ. ಆ ತುದಿಯಲ್ಲಿ ಅವರು ಬ್ಯಾಟರಿ ಇಟ್ಟುಕೊಂಡಿದ್ದರೆ, ಈ ತುದಿಯಲ್ಲಿ ನೀವು 12 ವೋಲ್ಟಿನ ಚಿಕ್ಕ ರೂಟರ್ ಯುಪಿಎಸ್ ಇಟ್ಟರೆ ಸಾಕು. ಊರೆಲ್ಲ ಕತ್ತಲಿದ್ದಾಗಲೂ ನಮ್ಮ ಮನೆಯಲ್ಲಿ ಮೀಟಿಂಗ್ ನಡೆದಿದೆ. ವೇಗವೂ ಹಗಲು ರಾತ್ರಿ ಒಂದೇ.

ಆದರೆ ನಮ್ಮ ಕಡೆ ಫೈಬರ್ ನೆಲದಡಿ ಬರುವುದಿಲ್ಲ. ಮರದಿಂದ ಮರಕ್ಕೆ ಕಟ್ಟಿಕೊಂಡು ಬರುತ್ತದೆ. ಮತ್ತಿ ಮರದಿಂದ ಹೊನ್ನೆ ಮರಕ್ಕೆ, ಅಲ್ಲಿಂದ ಅಡಿಕೆ ಮರಕ್ಕೆ. ಮಂಗ ಅದಕ್ಕೆ ಜೋತುಬೀಳುತ್ತದೆ, ಅಡಿಕೆಯ ಒಣ ಹೆಡಲು (ಸೋಗೆ) ಬೀಳುತ್ತದೆ, ದರಕು (ಒಣ ಎಲೆ) ಸುಡುವವರು ಕೆಳಗೇ ಬೆಂಕಿ ಹಾಕುತ್ತಾರೆ. ಡಬ್ಬದ ಮೇಲೆ ಎಲ್‌ಒಎಸ್ ಅನ್ನುವ ಕೆಂಪು ದೀಪ ಮಿನುಗಿದರೆ ಲೈನ್ ಎಲ್ಲೋ ಕಟ್ ಆಗಿದೆ ಅಂತ ಅರ್ಥ. ರೂಟರ್ ಆಫ್ ಮಾಡಿ ಆನ್ ಮಾಡಿ ಉಪಯೋಗವಿಲ್ಲ, ಫೋನ್ ಮಾಡಿ. 'ಹೆಗಡೇರೆ, ಮರ ಬಿದ್ದದೆ, ಮಳೆ ಬಿಟ್ಟ ಕೂಡ್ಲೇ ಬರ್ತೆ' ಅನ್ನುವ ಉತ್ತರ ಸಿಗುತ್ತದೆ. ಆ ಹುಡುಗ ಬರುತ್ತಾನೆ ಕೂಡ, ಬೆನ್ನ ಮೇಲೆ ಸ್ಪ್ಲೈಸಿಂಗ್ ಮಷಿನ್ ಹೊತ್ತುಕೊಂಡು. ಕೂದಲಿನಷ್ಟು ಸಪೂರದ ಎರಡು ಎಳೆಯನ್ನು ಕೊಡೆಯಡಿ ಕೂತು ಬೆಸೆಯುವುದನ್ನು ಒಮ್ಮೆ ನೋಡಬೇಕು. ಹಾಗಾಗಿ ಫೈಬರ್ ಹಾಕಿಸುವ ಮುಂಚೆ ನಾನು ಕೇಳುವುದು ಪ್ಲಾನಿನ ದರ ಅಲ್ಲ, ಲೈನ್‌ಮ್ಯಾನ್ ಯಾವ ಊರಲ್ಲಿ ಇರುತ್ತಾನೆ ಅನ್ನುವುದು.

ಈಗ ನಮ್ಮಲ್ಲಿ ಇರುವುದು ಫೈಬರ್, ಜೊತೆಗೆ ಕೆಳ ಬ್ಯಾಂಡಿನ ಒಂದು ಸಿಮ್. ಅಕ್ಕನ ಮನೆಯಲ್ಲಿ 5ಜಿ ಡಬ್ಬ ಮಾತ್ರ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ ಎರಡೆರಡು ಸಿಮ್ ಸಾಕುವುದು ಭಾರವೇ. ಬರೀ ಮಾತಿಗೆ ಫೋನ್ ಇಟ್ಟುಕೊಂಡ ಅಮ್ಮನಂಥವರಿಗೆ ಒಂದು ದಾರಿ ಇದೆ. ಡೇಟಾ ಇಲ್ಲದ, ಕಾಲ್ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ಮಾಡಿತು. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ. ಇನ್ನೊಂದು: ಹಳ್ಳಿಗಳ ಸಂಪರ್ಕಕ್ಕೆ ಕೇಂದ್ರ ಸರ್ಕಾರ ಇಟ್ಟ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ 4ಜಿ ಟವರ್‌ಗಳನ್ನು ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ನಿಮ್ಮೂರಿನ ಟವರ್ ಅಂಥದ್ದಾದರೆ ಸಿಮ್ ಬದಲಿಸುವ ಮುಂಚೆ ಇದನ್ನು ವಿಚಾರಿಸಿ.

ಉಪಗ್ರಹದ ನೆಟ್ ಬಗ್ಗೆ ತುಂಬ ಜನ ಕೇಳುತ್ತಾರೆ. ಸ್ಟಾರ್‌ಲಿಂಕ್‌ಗೆ ಲೈಸೆನ್ಸ್ ಸಿಕ್ಕಿದ್ದು 2025ರ ಜೂನಿನಲ್ಲಿ. ಉಪಗ್ರಹದ ನೆಟ್ಟಿಗೆ ಬೇಕಾದ ತರಂಗಾಂತರಕ್ಕೆ 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಹರಾಜಿಲ್ಲ. ಕಂಪನಿಗಳ ಆದಾಯದಲ್ಲಿ 4 ಶೇಕಡಾ ತೆಗೆದುಕೊಳ್ಳಿ ಅಂತ ಟ್ರಾಯ್ ಶಿಫಾರಸು ಮಾಡಿದೆ. ನಾನು ಬಳಸಿ ನೋಡಿಲ್ಲ, ಅದಕ್ಕೆ ಅಂಕ ಕೊಡುವುದಿಲ್ಲ. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಓಡುವ ಉಪಗ್ರಹಗಳು ಅವು, ಒಂದಾದ ಮೇಲೊಂದು ದಾಟುತ್ತಾ ಹೋಗುತ್ತವೆ. ಮನೆಯಲ್ಲಿ ಇಡುವ ಆಂಟೆನಾ ತಟ್ಟೆಗೆ ಆಕಾಶ ಅಗಲವಾಗಿ ಕಾಣಬೇಕು. ಮೊಬೈಲ್ ಅಲೆಗಿಂತ ಆ ಅಲೆ ಚಿಕ್ಕದು, ಜೋರು ಮಳೆ ಅದನ್ನು ನಿಜವಾಗಿಯೂ ತಡೆಯುತ್ತದೆ. ನಮ್ಮಲ್ಲಿ ಅಷ್ಟು ಆಕಾಶ ಕಾಣುವುದು ಅಡಿಕೆ ಒಣಗಿಸುವ ಅಂಗಳದಲ್ಲಿ ಮಾತ್ರ. ಅಲ್ಲಿ ತಟ್ಟೆ ಇಡುತ್ತೇನೆ ಅಂದರೆ ಅಪ್ಪಯ್ಯನನ್ನು ಒಪ್ಪಿಸುವುದು ಟ್ರಾಯನ್ನು ಒಪ್ಪಿಸುವುದಕ್ಕಿಂತ ಕಷ್ಟ.