ಮೆತ್ತನೆ ಶೂ, ತೆಳು ಶೂ, ಅಗಲ ಶೂ: ಮೂರನ್ನೂ ಹಾಕಿ ನೋಡಿದೆ

ನನ್ನದು ದಿನಕ್ಕೆ ಏಳೆಂಟು ಗಂಟೆ ನಿಂತೇ ಮಾಡುವ ಕೆಲಸ. ಹೋದ ವರ್ಷ ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಸಾಕು, ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ನಾಲ್ಕು ಹೆಜ್ಜೆ ಓಡಾಡಿದರೆ ಕಡಿಮೆ, ಸಂಜೆ ಮತ್ತೆ ಶುರು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ, ಅದಕ್ಕೆ ಪೆಟ್ಟಾಗಿದೆ ಎಂದರು ಡಾಕ್ಟರ್. ರಾತ್ರಿ ಅದು ಬಿಗಿದುಕೊಳ್ಳುತ್ತದೆ, ಬೆಳಿಗ್ಗೆ ಭಾರ ಬಿದ್ದ ಕೂಡಲೇ ಎಳೆಯುತ್ತದೆ. ಮೀನಖಂಡಕ್ಕೆ ಒಂದು ವ್ಯಾಯಾಮ ಹೇಳಿಕೊಟ್ಟರು, ಶೂ ಬದಲಾಯಿಸಿ ಅಂದರು.

ಯಾವ ಶೂ? ಒಬ್ಬರು ಮೆತ್ತಗಿರೋದು ತಗೋ ಅಂತಾರೆ, ಇನ್ನೊಬ್ಬರು ಬರಿಗಾಲಿನ ಹಾಗಿರೋದೇ ಒಳ್ಳೆಯದು ಅಂತಾರೆ. ಹಾಗಾಗಿ ಮೂರು ಬಗೆಯದ್ದನ್ನು ತಲಾ ಮೂರು ವಾರ ಹಾಕಿದೆ. ವ್ಯಾಯಾಮವೂ ಜೊತೆಗೇ ನಡೆದಿತ್ತು, ನೋವು ಇಳಿದಿದ್ದೆಲ್ಲ ಶೂವಿನಿಂದಲೇ ಎನ್ನಲಾರೆ. ಆದರೆ ಪ್ರತಿ ಸಂಜೆ ಶೂ, ಬಟ್ಟೆ ಬಿಚ್ಚಿದ ಕೂಡಲೇ ಮೈ ಮೇಲೆ ಎಲ್ಲೆಲ್ಲಿ ಗುರುತು ಬಿದ್ದಿದೆ ಅಂತ ನೋಡಿ ಬರೆದಿಟ್ಟೆ. ಆ ಕೆಂಪು ಗೆರೆಗಳು ಹೇಳಿದ್ದು ಬಹಳ.

ಮೊದಲು ಮೆತ್ತನೆ ಶೂ. ದಪ್ಪ ಫೋಮ್, ಹಿಮ್ಮಡಿ ಬೆರಳಿಗಿಂತ 10 ಮಿಲಿಮೀಟರ್ ಎತ್ತರ. ಕಾಲಿಟ್ಟ ಮೊದಲ ದಿನ ಹಾಯೆನಿಸಿತು. ಹಿಮ್ಮಡಿ ನೋವಿಗೆ ಮೂರರಲ್ಲಿ ಬೇಗ ಆರಾಮ ಕೊಟ್ಟಿದ್ದು ಇದೇ, ಅದನ್ನು ಒಪ್ಪಲೇಬೇಕು. ಆದರೆ ಎರಡನೇ ವಾರ ಕಿರುಬೆರಳಿನ ಹೊರಬದಿ ಕೆಂಪಾಯಿತು, ಮೂರನೇ ವಾರ ಅಲ್ಲಿ ಚರ್ಮ ದಪ್ಪಗಾಗಿ ಆಣಿ ಏಳುವ ಹಾಗೆ ಕಂಡಿತು. ಒಂದೇ ಕಡೆ ನಿಂತಾಗ ಕಾಲು ಫೋಮಿನಲ್ಲಿ ಸಣ್ಣಗೆ ಅಲುಗಾಡುತ್ತಲೇ ಇತ್ತು, ಸಂಜೆಗೆ ಮೀನಖಂಡ ಸುಸ್ತು. ನಡೆಯುವವರಿಗೆ ಓಡುವವರಿಗೆ ಚೆನ್ನ, ನಿಲ್ಲುವವರಿಗೆ ಅಷ್ಟಿಲ್ಲ ಅನ್ನಿಸಿತು.

ಕಿರುಬೆರಳು ಯಾಕೆ ಕೆಂಪಾಯಿತು ಅಂತ ತಿಳಿಯೋಕೆ ಮಾಡಿದ ಕೆಲಸ ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಉಪಯೋಗವಾಗಿದ್ದು. ಬಿಳಿ ಹಾಳೆ ನೆಲದ ಮೇಲಿಟ್ಟು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಂತೆ. ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲು ಮನೆಯವರಿಗೆ ಹೇಳಿದೆ. ಆಮೇಲೆ ಶೂ ಒಳಗಿನ ಅಟ್ಟೆಯನ್ನು ಹೊರಗೆಳೆದು ಆ ಗೆರೆಯ ಮೇಲೆ ಇಟ್ಟೆ. ಉದ್ದ ಸರಿಯಾಗೇ ಇತ್ತು. ಅಗಲದಲ್ಲಿ ಮಾತ್ರ ನನ್ನ ಪಾದ 103 ಮಿಲಿಮೀಟರ್, ಅಟ್ಟೆ 92. ಕಿರುಬೆರಳು ಪೂರ್ತಿ ಅಟ್ಟೆಯಿಂದ ಆಚೆ! ಇಷ್ಟು ವರ್ಷ ಆ ಬೆರಳನ್ನು ಒಳಕ್ಕೆ ಮಡಿಸಿಯೇ ತುರುಕುತ್ತಿದ್ದೆ. ಉದ್ದದ ಸೈಜ್ ಕೇಳಿ ಶೂ ಕೊಳ್ಳುತ್ತೇವೆ, ಅಗಲ ಯಾರೂ ಕೇಳೋದೇ ಇಲ್ಲ, ಅಲ್ವಾ?

ಎರಡನೆಯದು ತೆಳು ಶೂ. ಅಟ್ಟೆ ಕೆಲವೇ ಮಿಲಿಮೀಟರ್, ಹಿಮ್ಮಡಿ ಬೆರಳು ಒಂದೇ ಮಟ್ಟ. ಬೆರಳುಗಳು ಹಾಯಾಗಿ ಹರಡಿಕೊಂಡವು, ಗುರುತು ಒಂದೂ ಇಲ್ಲ. ಇದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಆರನೇ ದಿನಕ್ಕೆ ಮೀನಖಂಡ ಕಲ್ಲಾಯಿತು, ಹಿಮ್ಮಡಿಯ ಮೊಳೆ ವಾಪಸ್ ಬಂತು. ತಪ್ಪು ಶೂವಿನದಲ್ಲ, ನನ್ನ ಅವಸರದ್ದು. ಎತ್ತರದ ಹಿಮ್ಮಡಿಗೆ ಒಗ್ಗಿದ ಮೀನಖಂಡಕ್ಕೂ, ಅದನ್ನು ಹಿಮ್ಮಡಿಗೆ ಸೇರಿಸುವ ಸ್ನಾಯುರಜ್ಜಿಗೂ ದಿಢೀರನೆ ಜಾಸ್ತಿ ಎಳೆತ ಬೀಳುತ್ತದೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ, 10 ವಾರದಲ್ಲಿ ಇಂಥ ಶೂಗೆ ಬದಲಾದ ಓಟಗಾರರಲ್ಲಿ ಹಲವರ ಪಾದದ ಮೂಳೆಯೊಳಗೆ ಊತ ಕಂಡಿತ್ತು. ಅದು ಓದಿದ ಮೇಲೆ ದಿನಕ್ಕೆ ಅರ್ಧ ಗಂಟೆ, ಮನೆಯೊಳಗೆ ಮಾತ್ರ ಅಂತ ಇಳಿಸಿದೆ. ಅಷ್ಟಕ್ಕೆ ಹಿತವಾಗಿದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರು ಮಾತ್ರ ದಯವಿಟ್ಟು ಇದರ ತಂಟೆಗೆ ಹೋಗಬೇಡಿ. ಕಲ್ಲು ಚುಚ್ಚಿದರೂ ಅವರಿಗೆ ಗೊತ್ತಾಗೋದಿಲ್ಲ. ಅವರು ಯಾವ ಶೂ ಹಾಕುವ ಮುಂಚೆಯೂ ಒಳಗೆ ಕೈಯಾಡಿಸಿ ನೋಡಬೇಕು.

ಮೂರನೆಯದು, ನಾನು ಉಳಿಸಿಕೊಂಡಿದ್ದು. ಮುಂದೆ ಅಗಲ, ಹದವಾದ ಅಟ್ಟೆ, ಲೇಸಿನದು. ಕೊಳ್ಳುವಾಗ ಮೂರು ಪರೀಕ್ಷೆ ಮಾಡಿದೆ. ಬಗ್ಗಿಸಿದರೆ ಬೆರಳು ಮಡಿಯುವ ಜಾಗದಲ್ಲೇ ಬಗ್ಗಬೇಕು, ನಡು ಮಧ್ಯೆ ಅಲ್ಲ. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಸುಲಭಕ್ಕೆ ತಿರುಚಿಕೊಳ್ಳಬಾರದು. ಹಿಮ್ಮಡಿಯ ಗೋಡೆ ಒತ್ತಿದರೆ ಕುಸಿಯಬಾರದು. ಕೊಳ್ಳೋಕೆ ಸಂಜೆ ಹೋಗಿದ್ದೆ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಟ್ಟುಕೊಂಡೆ.

ಮೊದಲ ವಾರ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತಿತ್ತು, ಅಲ್ಲೊಂದು ಗುಳ್ಳೆಯೂ ಎದ್ದಿತು. ಲೇಸಿನ ಸಾಲಿನ ತುದಿಯಲ್ಲಿ ಒಂದು ತೂತು ಸುಮ್ನೆ ಖಾಲಿ ಇರುತ್ತದೆ ನೋಡಿ, ಅದಕ್ಕೂ ಕೆಲಸ ಇದೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿದರೆ ಎರಡೂ ಕಡೆ ಒಂದೊಂದು ಪುಟ್ಟ ಕುಣಿಕೆಯಾಗುತ್ತದೆ. ಈ ಕಡೆಯ ಲೇಸನ್ನು ಆ ಕಡೆಯ ಕುಣಿಕೆಯಲ್ಲಿ ತೂರಿಸಿ ಬಿಗಿದರೆ ಹಿಮ್ಮಡಿ ಅಲ್ಲಾಡುವುದಿಲ್ಲ, ಬೆರಳಿಗೆ ಮಾತ್ರ ಜಾಗ ಹಾಗೇ ಉಳಿಯುತ್ತದೆ. ಮೂರನೇ ವಾರದ ಕೊನೆಗೆ ಕಿರುಬೆರಳಿನ ಕೆಂಪು ಹೋಗಿತ್ತು. ಬೆಳಗಿನ ಮೊದಲ ಹೆಜ್ಜೆಯೂ ಎಷ್ಟೋ ವಾಸಿ. ಈಗ ಅದೇ ಬಗೆಯ ಎರಡು ಜೊತೆ ಇಟ್ಟಿದ್ದೇನೆ, ದಿನ ಬಿಟ್ಟು ದಿನ. ಬೆವರು ಹೀರಿದ ಶೂ ಪೂರ್ತಿ ಒಣಗೋಕೆ ಒಂದು ದಿನವಾದರೂ ಬೇಕು.

ಸಾಕ್ಸ್‌ನಲ್ಲೂ ಹೀಗೇ ನೋಡಿದೆ. ಹತ್ತಿಯದು ಬೆವರು ಹೀರಿಕೊಂಡು ಒದ್ದೆಯಾಗೇ ಕೂರುತ್ತದೆ. ಸಂಜೆ ಬಿಚ್ಚಿದರೆ ಬೆರಳ ಸಂದಿಯ ಚರ್ಮ ನೀರಲ್ಲಿ ನೆನೆದ ಹಾಗೆ ಬಿಳಿಚಿಕೊಂಡಿರುತ್ತಿತ್ತು. ತುರಿಕೆಯ ಫಂಗಸ್‌ಗೆ ಅಂಥ ಜಾಗವೇ ಬೇಕು. ಪಾಲಿಯೆಸ್ಟರ್ ಬೇಗ ಒಣಗಿತು, ವಾಸನೆ ತಡೆಯಲಾಗಲಿಲ್ಲ. ತೆಳು ಮೆರಿನೋ ಉಣ್ಣೆ ಅಂದರೆ ಸೆಖೆ ಅಂತ ಹಿಂದೇಟು ಹಾಕಿದ್ದೆ, ಆದರೆ ಅದೇ ಚೆನ್ನಾಗಿತ್ತು. ಸಾಮಾನ್ಯ ಗಾಳಿಯಲ್ಲಿ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವ ಹಿಡಿದರೆ, ಉಣ್ಣೆ ಶೇ. 16ರಷ್ಟು ಹಿಡಿಯುತ್ತದೆ. ಪಾಲಿಯೆಸ್ಟರ್ ಶೇ. 1 ಕೂಡ ಇಲ್ಲ. ಉಣ್ಣೆ ಬೆವರಿನ ಆವಿಯನ್ನು ನೂಲಿನೊಳಗೇ ಎಳೆದುಕೊಳ್ಳುವುದರಿಂದ ಚರ್ಮಕ್ಕೆ ಒದ್ದೆ ತಾಗುವುದು ಕಡಿಮೆ. ಬೇಗ ಸವೆಯುತ್ತದೆ ಅನ್ನೋದೊಂದೇ ಬೇಜಾರು.

ಅಂಗಿಯ ವಿಷಯ ಜಾಸ್ತಿ ಹೇಳುವಂಥದ್ದಿಲ್ಲ. ದಿನವಿಡೀ ಹತ್ತಿ, ವ್ಯಾಯಾಮದ ಒಂದು ಗಂಟೆಗೆ ಪಾಲಿಯೆಸ್ಟರ್, ಮುಗಿದ ಕೂಡಲೇ ಒಗೆಯುವುದು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ವ್ಯಾಯಾಮ ಮಾಡಿದವರ ಅಂಗಿಗಳನ್ನು ಪರೀಕ್ಷಿಸಿದಾಗ ಪಾಲಿಯೆಸ್ಟರ್ ಮೇಲೆ ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿತ್ತು, ವಾಸನೆಯೂ ಹತ್ತಿಗಿಂತ ಕೆಟ್ಟದಿತ್ತು. ನನ್ನ ಮೂಗು ಹೇಳಿದ್ದೂ ಅದನ್ನೇ.

ಪ್ಯಾಂಟ್ ಮಾತ್ರ ನನಗೆ ಆಶ್ಚರ್ಯ ತಂದಿತು. ಬಿಗಿ ಜೀನ್ಸ್ ಹಾಕಿದ ದಿನ ಸೊಂಟದ ಸುತ್ತ ಗುಂಡಿಯ ಅಚ್ಚು ಸಮೇತ ಆಳವಾದ ಗೆರೆ ಬೀಳುತ್ತಿತ್ತು. ತೊಡೆಯ ಹೊರಭಾಗ, ಅಂಗೈ ಅಗಲದ ಜಾಗ, ಜುಮ್ ಎನ್ನುತ್ತಿತ್ತು. ಬೆನ್ನಿನ ತೊಂದರೆ ಇರಬಹುದು ಅಂತ ಹೆದರಿದ್ದೆ. ತೊಡೆಯ ಹೊರಬದಿಯ ಚರ್ಮಕ್ಕೆ ಹೋಗುವ ನರ ಸೊಂಟದ ಮೂಳೆಯ ಮುಂತುದಿಯ ಹತ್ತಿರವೇ ಹಾದು ಹೋಗುತ್ತದೆ, ಬಿಗಿ ಪ್ಯಾಂಟ್, ಬೆಲ್ಟ್ ಅದನ್ನು ಒತ್ತುತ್ತದೆ ಅಂತ ಡಾಕ್ಟರ್ ಬೆರಳಿಟ್ಟು ತೋರಿಸಿದರು. ಎರಡು ಬೆರಳು ಆರಾಮಾಗಿ ತೂರುವಷ್ಟು ಸಡಿಲ ಸೊಂಟದ ಪ್ಯಾಂಟಿಗೆ ಬದಲಾದೆ. ಹತ್ತು ದಿನದಲ್ಲಿ ಜುಮ್ಮೆನ್ನುವುದು ನಿಂತಿತು. ಊಟ ಆದ ಮೇಲೆ ಬರುತ್ತಿದ್ದ ಎದೆಯುರಿಯೂ ಕಡಿಮೆ, ಹೊಟ್ಟೆಯ ಮೇಲೆ ಒತ್ತಡ ಇಲ್ಲವಲ್ಲ.

ಇಷ್ಟಾದ ಮೇಲೆ ಅಮ್ಮನನ್ನೂ ಹಾಳೆ ಮೇಲೆ ನಿಲ್ಲಿಸಿದೆ. 'ನಂದು ಯಾವಾಗಲೂ 37 ಕಣೋ, ಮದುವೆಗೆ ಮುಂಚಿನಿಂದಲೂ ಅದೇ' ಅಂದರು. ವಯಸ್ಸಾದ ಹಾಗೆ ಪಾದದ ಕಮಾನು ಇಳಿದು ಪಾದ ಉದ್ದ, ಅಗಲ ಎರಡೂ ಆಗುತ್ತದೆ. ಅವರ ಎಡಗಾಲಿನ ಗೆರೆ ಚಪ್ಪಲಿಯಿಂದ 7 ಮಿಲಿಮೀಟರ್ ಆಚೆ ಹೋಯಿತು. 37, 38 ಎಂಬ ಲೆಕ್ಕದಲ್ಲಿ ಅದು ಒಂದು ಸೈಜಿಗಿಂತ ತುಸು ಜಾಸ್ತಿಯೇ. ಅಮ್ಮ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಪರ್ಸಿನೊಳಗೆ ಇಟ್ಟುಕೊಂಡರು.