ನೆಂಟರ ಕೂಟಕ್ಕೆ ಯಾವ ಮೆಕ್ಸಿಕನ್ ಬೀನ್ಸ್: ಓಯಾನಾ, ಚಾರ್ರೋಸಾ?

ಫ್ರಿಹೋಲೆಸ್ ದೆ ಓಯಾ, ಅಂದರೆ ಮಡಕೆಯಲ್ಲಿ ಬೇಯಿಸಿದ ಬೀನ್ಸ್, ತೀರಾ ಸರಳ. ಕಾಳು, ನೀರು, ಈರುಳ್ಳಿ, ಉಪ್ಪು. ಕಪ್ಪು ಬೀನ್ಸ್ ಆದರೆ ಒಂದೆಸಳು ಎಪಸೋಟೆ (ಘಾಟು ವಾಸನೆಯ ಮೆಕ್ಸಿಕನ್ ಸೊಪ್ಪು). ಮಣ್ಣಿನ ಮಡಕೆಯಲ್ಲಿ, ಸಣ್ಣ ಉರಿಯಲ್ಲಿ 2-3 ಗಂಟೆ ಬೇಯಬೇಕು. ಆ ರಸದಲ್ಲೇ ರುಚಿ ಇರೋದು, ಸುಮ್ನೆ ಬಸಿದು ಚೆಲ್ಲಬೇಡಿ. ಮಾಂಸ ತಿನ್ನದವರಿಗೂ ನಡೆಯುತ್ತದೆ. ಉಳಿದದ್ದನ್ನು ಮರುದಿನ ಎಣ್ಣೆಯಲ್ಲೋ ಹಂದಿ ಕೊಬ್ಬಿನಲ್ಲೋ ಬಾಡಿಸಿ ಕಿವುಚಿದರೆ ರೆಫ್ರಿತೋಸ್ ರೆಡಿ.

ಚಾರ್ರೋಸ್ ಬೀನ್ಸ್ ಉತ್ತರ ಮೆಕ್ಸಿಕೋದ ಕಡೆಯದು. ಬೇಕನ್, ಚೊರಿಸೊ (ಮಸಾಲೆ ಹಾಕಿದ ಹಂದಿ ಸಾಸೇಜ್), ಟೊಮೆಟೊ, ಸೆರಾನೋ ಮೆಣಸಿನಕಾಯಿ ಹುರಿದು, ಬೆಂದ ಪಿಂಟೋ ಬೀನ್ಸ್‌ಗೆ ಸೇರಿಸುತ್ತಾರೆ. ಕೊನೆಗೆ ಕೊತ್ತಂಬರಿ. ಕೆಂಡದ ಮೇಲೆ ಮಾಂಸ ಸುಡುವ ಕಾರ್ನೆ ಅಸಾದ ಕೂಟಕ್ಕೆ ಇದೇ ಸರಿಯಾದ ಜೋಡಿ. ಕೆಲಸ ಮಾತ್ರ ಜಾಸ್ತಿ.

ಜನ ಹೆಚ್ಚಿದ್ದು, ಸಸ್ಯಾಹಾರಿಗಳೂ ಬರುವುದಾದರೆ ನನ್ನ ಓಟು ಓಯಾಗೆ. ಬರೀ ಮಾಂಸಪ್ರಿಯರೇ ಆದರೆ ಚಾರ್ರೋಸ್ ಮಾಡಿ.